ಯರಗಟ್ಟಿಯ ಮನೆಗೆ ಲಾರಿಯ ರೂಲಿಂಗು

ಬೈಲಹೊಂಗಲದಲ್ಲಿ ನಾನು ವಕೀಲಿ ಶುರುಮಾಡಿದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ನನ್ನ ಸೀನಿಯರ್ ಜೋರು ಗಂಟಲಿನ ಮನುಷ್ಯ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಒಂದೇ ಕೋಣೆಯಲ್ಲಿ ನಾವಿಬ್ಬರೂ ಬಾಳಿದ್ದೇ ದೊಡ್ಡದು.

ಆಫೀಸಿಗೆ ಕಂಪ್ಯೂಟರ್ ಬಂದಾಗ ಜೊತೆಗೆ ತೀರ್ಪುಗಳ ಸಿ.ಡಿ.ಯೂ ಬಂತು. ನಮ್ಮ ವಾದವನ್ನು ಅದರೊಳಗೆ ಹಾಕಿದರೆ, ಹಳೆಯ ತೀರ್ಪಿನ ವರ್ಷ, ಪುಟ ಎಲ್ಲೆಲ್ಲಿ ಬರೆದಿದ್ದೇವೋ ಅಲ್ಲೆಲ್ಲ ತಾನೇ ಗುರುತು ಹಿಡಿದು ನೀಲಿ ಮಾಡುತ್ತಿತ್ತು. ನೀಲಿಯ ಮೇಲೆ ಒತ್ತಿದರೆ ಆ ತೀರ್ಪೇ ತೆರೆದುಕೊಳ್ಳುತ್ತಿತ್ತು. "ಈ ಡಬ್ಬಿ ಕೋರ್ಟಿನಾಗ ನಿಂತು ವಾದ ಮಾಡತೈತೇನು?" ಎಂದು ಸೀನಿಯರ್ ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು.

ಆಗ ಯರಗಟ್ಟಿಯ ಒಬ್ಬ ವಿಧವೆಯ ಮನೆಯ ದಾವೆ ಸವದತ್ತಿ ಕೋರ್ಟಿನಲ್ಲಿ ವಾದಕ್ಕೆ ಬಂದಿತ್ತು. ಗಂಡ ಸತ್ತಾಗ ಹಿರಿಯರು ಜೀವನಾಂಶಕ್ಕೆಂದು ಕಾಗದ ಮಾಡಿ ಕೊಟ್ಟ ಪುಟ್ಟ ಮನೆ. ಹಿರಿಯರು ತೀರಿಕೊಂಡ ಮೇಲೆ ಮೈದುನ, "ಅದು ಬರೇ ಇರಾಕ ಕೊಟ್ಟಿದ್ದು, ಬಿಡು" ಎಂದು ದಾವೆ ಹಾಕಿದ್ದ. ನಾವು ಆಕೆಯ ಪರ ವಕೀಲರು. ಆಕೆ ಭಾಂಡೆ ಸಾಮಾನನ್ನೆಲ್ಲ ಗೋಣಿಚೀಲಗಳಲ್ಲಿ ಕಟ್ಟಿಟ್ಟು, ಒಂದು ಪಾತೇಲಿ, ಒಂದು ತಾಟಿನಲ್ಲಿ ದಿನ ದೂಡುತ್ತಿದ್ದಳು. ಅವಳ ಮನೆಗೆ ಹೋದಾಗ ನಾನೇ ಕಣ್ಣಾರೆ ಕಂಡೆ. "ಹೊರಗ ಹಾಕೂ ದಿನ ಮಂದಿ ಮುಂದ ಒಂದೊಂದ ಆರಿಸಿಕೋತ ಕುಂದರಬಾರದಲ್ಲವಾ ತಂಗಿ," ಎಂದಳು.

ನಮ್ಮ ಕಡೆ ಇಂಥ ದಾವೆಗೆಲ್ಲ ಆಧಾರವಾಗಿ ತೋರಿಸುವ ಹಳೆಯ ತೀರ್ಪು, ಅಂದರೆ ರೂಲಿಂಗು, ಒಂದೇ. ನಮ್ಮ ಸೀನಿಯರ್ ಅದನ್ನು ಅವರ ಸೀನಿಯರ್ ವಾದದಿಂದ ಇಳಿಸಿಕೊಂಡಿದ್ದರು, ರಾಮದುರ್ಗದ ವಕೀಲರು ನಮ್ಮವರ ವಾದದಿಂದ. ಪುಸ್ತಕ ತೆರೆದವರೇ ಇಲ್ಲ. ನಂಬರ್ ಹೇಳಿದರೆ ಸಾಕು, ಎದುರಿನ ವಕೀಲರೂ ತಲೆಯಾಡಿಸುತ್ತಿದ್ದರು. ನಾಳೆ ಅವರಿಗೂ ಅದೇ ಬೇಕಾಗುತ್ತಿತ್ತಲ್ಲ! ಆದರೆ ಈ ಸಲ ಎದುರಿಗೆ ಬೆಳಗಾವಿಯ ವಕೀಲರಿದ್ದರು.

ವಾದದ ಹಿಂದಿನ ದಿನ ನಾನು ನಮ್ಮ ಲಿಖಿತ ಹೇಳಿಕೆಯನ್ನು ಕಂಪ್ಯೂಟರಿಗೆ ಹಾಕಿ, ಸುಮ್ಮನೆ ಆ ರೂಲಿಂಗಿನ ನೀಲಿಯ ಮೇಲೆ ಒತ್ತಿದೆ. ತೆರೆದದ್ದು ಲಾರಿಯ ಪರ್ಮಿಟ್ಟಿನ ತೀರ್ಪು! ಮತ್ತೆ ಒತ್ತಿದೆ. ಮತ್ತೂ ಲಾರಿಯೇ. ಹಾಳಾದ ಡಬ್ಬಿ ಎಂದು ಬೈದು ಸೀನಿಯರನ್ನು ಕರೆದೆ.

"ತೆಲಿ ಕೆಟ್ಟೈತಿ ಅದಕ್ಕ. ನಾ ವಕೀಲ ಆದಾಗಿಂದ ಇದನ್ನ ಕೊಡಾಕತ್ತೇನಿ. ಒಬ್ಬ ಜಡ್ಜರೂ ಬ್ಯಾಡ ಅಂದಿಲ್ಲ!"

"ಹಂಗಾರ ಪುಸ್ತಕಾ ನೋಡೂಣು ಬರ್ರಿ ಸರ್," ಎಂದೆ, ನಾನೂ ಗಂಟಲು ಏರಿಸಿಯೇ.

ಬಾರ್ ಲೈಬ್ರರಿಯಲ್ಲಿ ಧೂಳು ಕೊಡವಿ ಆ ಸಂಪುಟ ತೆರೆದೆವು. ಲಾರಿ. ಸೀನಿಯರ್ ಬೆಂಚಿನ ಮೇಲೆ ಕುಸಿದು ಕೂತರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಇಷ್ಟು ವರ್ಷ ವಿಧವೆಯರನ್ನೆಲ್ಲ ಲಾರಿ ಮ್ಯಾಲ ಹತ್ತಿಸೇವಲ್ಲವಾ ಮಾರಾಯ್ತಿ!" ನನಗೆ ನಗು ಬರಲಿಲ್ಲ. ಕಣ್ಣಮುಂದೆ ಆ ಗೋಣಿಚೀಲಗಳೇ ಇದ್ದವು.

ವಾಪಸು ಬಂದು ಕಂಪ್ಯೂಟರಿನಲ್ಲಿ ವಿಧವೆ, ಜೀವನಾಂಶ, ಮನೆ ಎಂದು ಹುಡುಕಿದೆ. ಒಂದು ತೀರ್ಪು ಸಿಕ್ಕಿತು, ನಮ್ಮ ದಾವೆಗೆ ಪೂರ್ತಿ ಹೊಂದಲಿಲ್ಲ. ಅದರೊಳಗಿದ್ದ ನೀಲಿ ಒತ್ತಿದೆ, ಇನ್ನೊಂದಕ್ಕೆ ಹೋದೆ. ಊರೂರಿಗೆ ಬಸ್ಸು ಬದಲಿಸಿದ ಹಾಗೆ. ಸೀನಿಯರ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತು, "ಇದನ್ನ ಒತ್ತು, ಅದನ್ನ ಒತ್ತು" ಎಂದು ಪ್ರಾಣ ತಿನ್ನತೊಡಗಿದರು. ಕಡೆಗೆ ದೆಹಲಿಯ ದೊಡ್ಡ ಕೋರ್ಟಿನ ತೀರ್ಪು ತೆರೆಯಿತು: ಜೀವನಾಂಶದ ಹಕ್ಕಿಗಾಗಿ ಹೆಂಗಸಿಗೆ ಕೊಟ್ಟ ಆಸ್ತಿ ಪೂರ್ತಿಯಾಗಿ ಆಕೆಯದೇ ಆಗುತ್ತದೆ. ಇಬ್ಬರೂ ಎರಡೆರಡು ಸಲ ಓದಿದೆವು. ನಾನು ನೀರು ಕುಡಿದೆ.

ಮರುದಿನ ಸವದತ್ತಿಯಲ್ಲಿ ಬೆಳಗಾವಿಯ ವಕೀಲರು ನಗುತ್ತಲೇ ಎದ್ದರು. "ಇವರ ಲಿಖಿತ ಹೇಳಿಕೆಯಲ್ಲಿರುವ ರೂಲಿಂಗು ಲಾರಿಯದ್ದು ಸ್ವಾಮಿ!" ಎಂದರು. ಕೋರ್ಟ್ ಹಾಲೆಲ್ಲ ನಕ್ಕಿತು. ನಮ್ಮ ಸೀನಿಯರ್ ನಿಧಾನಕ್ಕೆ ಎದ್ದು, "ಖರೇ ಅದ ರೀ. ಅದನ್ನ ಕೈಬಿಟ್ಟೇವ್ರಿ. ಇದನ್ನ ನೋಡ್ರಿ," ಎಂದು ಹೊಸ ತೀರ್ಪಿನ ಪ್ರಿಂಟನ್ನು ಜಡ್ಜರಿಗೆ ಕೊಟ್ಟರು. ಬೆಳಗಾವಿಯವರ ನಗು ಅಲ್ಲೇ ನಿಂತಿತು.

ತೀರ್ಪು ನಮ್ಮ ಕಡೆಗಾಯಿತು. ಸುದ್ದಿ ಹೇಳಲು ನಾವಿಬ್ಬರೂ ಯರಗಟ್ಟಿಗೆ ಹೋದೆವು. ಆಕೆ ಕೇಳಿಸಿಕೊಂಡು ಗೋಣಿಚೀಲಗಳ ಕಡೆ ತಿರುಗಿದಳು. ನಂಬಿಕೆ ಬಂದಿರಲಿಲ್ಲ.

"ಬಿಚ್ಚಲೇನ್ರಿ ಸಾಹೇಬ್ರ?"

"ಬಿಚ್ಚವಾ, ಎಲ್ಲಾ ಬಿಚ್ಚು," ಎಂದರು ಸೀನಿಯರ್. ಆ ಜೋರು ಗಂಟಲು ಅವತ್ತು ಏಳಲೇ ಇಲ್ಲ.

ಚೀಲದ ಗಂಟು ಬಿಗಿದುಕೊಂಡಿತ್ತು. ಆಕೆಯ ಉಗುರಿಗೆ ಬಗ್ಗಲಿಲ್ಲ, ನನ್ನ ಉಗುರಿಗೂ ಬಗ್ಗಲಿಲ್ಲ. ಒಳಗಿನಿಂದ ಕುಡುಗೋಲು ತಂದು ಹಗ್ಗ ಕೊಯ್ದಳು. ಕಪ್ಪು ಹಿಡಿದ ಹಿತ್ತಾಳಿ ತಂಬಿಗೆಯೊಂದನ್ನು ಹೊರತೆಗೆದು, ಸೀರೆಯ ಸೆರಗಿನಿಂದ ಒರೆಸಿ, ತೊಳೆದು, ನಮಗೆ ನೀರು ತಂದುಕೊಟ್ಟಳು.