ಪುಸ್ತಕ ತಾನಾಗಿ ತೆರೆದುಕೊಳ್ಳುವ ಪುಟ

ಮಾರೇನಹಳ್ಳಿಯ ಆ ಬೈಂಡಿಂಗ್ ಅಂಗಡಿಯವರು ಯಾವ ಪುಸ್ತಕ ಕೊಟ್ಟರೂ ಮೊದಲು ಅದನ್ನು ಬೆನ್ನು ಕೆಳಗಾಗಿ ಮೇಜಿನ ಮೇಲೆ ನಿಲ್ಲಿಸಿ ಕೈಬಿಡುತ್ತಿದ್ದರು. ತಾನಾಗಿ ತೆರೆದುಕೊಂಡ ಪುಟದ ಮೇಲೆ ಗೋಂದು ಒಣಗಿದ ಬೆರಳಿಟ್ಟು, "ನಿಮಗ ಸೇರಿದ್ದು, ಮನಸ್ಸಿಗೆ ಹಿಡಿಸಿದ್ದು ಇದು. ಪುಸ್ತಕ ಸುಳ್ಳು ಹೇಳಂಗಿಲ್ರಿ" ಎನ್ನುತ್ತಿದ್ದರು. ಹುಬ್ಬಳ್ಳಿ ಕಡೆಯವರು.

ನಾನು ಆರು ಸಲ ಓದಿ ಬೆನ್ನು ಕಿತ್ತುಹೋಗಿದ್ದ, ರಾಜರು ಮಾಟಗಾರರ ದಪ್ಪ ಕಾದಂಬರಿಯೊಂದು ಆಗ ವೆಬ್ ಸೀರೀಸ್ ಆಗುತ್ತಿತ್ತು. ಯಾವ ದೃಶ್ಯ ಕೈಬಿಡಬಾರದು ಎಂದು ನಮ್ಮ ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಪಟ್ಟಿ ತಯಾರಾಗುತ್ತಿತ್ತು. ಅಂಗಡಿಯ ಮೇಜಿನ ಮೇಲೆ ನನ್ನ ಪುಸ್ತಕ ಕೊನೆಯ ಯುದ್ಧದ ಪುಟಕ್ಕೆ ತೆರೆದುಕೊಂಡಿತು.

"ಎಲ್ಲಾರದೂ ಇಲ್ಲೇ ತೆರೀತೈತ್ರಿ" ಎಂದರು.

"ನೀವು ಓದಿದೀರಾ?" ಎಂದು ಕೊಂಚ ಖಾರವಾಗಿಯೇ ಕೇಳಿದೆ. ಅವರು ಕಪಾಟಿನಿಂದ ತಮ್ಮದೇ ಪ್ರತಿ ತೆಗೆದು, ನಿಲ್ಲಿಸಿ, ಕೈಬಿಟ್ಟರು. ಶತ್ರು ಬರುತ್ತಾನೆಂದು ಎಲ್ಲರೂ ಕೋಟೆ ಬಿಟ್ಟು ಓಡುವಾಗ, ಅಡುಗೆಯ ಮುದುಕಿ ಅರ್ಧ ದಾರಿಯಿಂದ ಹಿಂತಿರುಗಿ ಬೆಕ್ಕಿಗೆ ಹಾಲಿಟ್ಟು ಹೋಗುವ ನಾಲ್ಕು ಸಾಲಿನ ಪುಟ ತೆರೆದುಕೊಂಡಿತು. ಆರು ಸಲ ಓದಿದ ನನಗೆ ಅದು ನೆನಪೇ ಇರಲಿಲ್ಲ. ಹೊಟ್ಟೆ ಉರಿಯಿತು.

ಬಸ್ ಸ್ಟಾಪ್ ತಲುಪುವಷ್ಟರಲ್ಲಿ ಅದನ್ನೇ ನನ್ನ ಮೆಚ್ಚಿನ ದೃಶ್ಯವೆಂದು ಗುಂಪಿಗೆ ಬರೆದಿದ್ದೆ. "ಮಗಾ, ನಿನ್ ಥರ ಓದೋರು ಯಾರೂ ಇಲ್ಲ ಕಣೋ" ಎಂದು ಒಬ್ಬ ಉತ್ತರಿಸಿದ. ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ ಸಿಕ್ಕಿತು.

ಬೈಂಡ್ ಆಗಿ ಬಂದ ಪುಸ್ತಕದಲ್ಲಿ ತಿಂಗಳುಗಟ್ಟಲೆ ಆ ಪುಟವನ್ನೇ ಒತ್ತಿ ತೆರೆದಿಟ್ಟೆ. ಅದರ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನೂ ಹೇರಿದೆ. ಕೈಬಿಟ್ಟರೆ ಅದು ಈಗಲೂ ಯುದ್ಧಕ್ಕೇ ತೆರೆದುಕೊಳ್ಳುತ್ತದೆ.