ಕಟ್ಟೆಗೆ ಬಾರದವರು

ಹಾಸಿಗೆ ಹಿಡಿದವರ ಆರೈಕೆಗೆ ಸರ್ಕಾರ ಮಾಡಿರುವ ವಿಮೆಯ ಬಗ್ಗೆ ಊರೂರಿಗೆ ಹೋಗಿ ತಿಳಿಸುವುದು ನನ್ನ ಕೆಲಸ. ಅಂಗಡಿಗಳ ಬೋರ್ಡು ನೋಡಿ ಅಕ್ಷರ ಕಲಿತವಳು ನಾನು. ಗೊತ್ತಾಗಲಿಲ್ಲ ಎನ್ನುವವರನ್ನು ಕಂಡರೆ ನನಗೆ ಸಿಟ್ಟು.

ಕೋಗಳಿ ಕಡೆಯ ಒಂದು ಹಳ್ಳಿಯಲ್ಲಿ ಗುಡಿಯ ಕಟ್ಟೆಯ ಮೇಲೆ ಸಭೆ ಮಾಡಿದ್ದೆ. ಕಟ್ಟೆ ತುಂಬ ಜನ. ನೋಂದಣಿ ಮುಗಿದ ಮೇಲೆ ಮತ್ತೆ ಆ ಊರಿಗೆ ಹೋದಾಗ, ಗುಡಿಯ ಹಿಂದಿನ ಮನೆಯಲ್ಲೇ ಮಾತು ನಿಂತ ಮುದುಕಿಯೊಬ್ಬಳು ಮಂಚದ ಮೇಲಿದ್ದಳು. ಸೊಸೆ ಆಕೆಯ ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚುತ್ತಿದ್ದಳು.

“ಮೈಕಿನಾಗ ಅಷ್ಟು ಕೂಗಿದ್ನಲ್ಲವಾ, ಕಿವಿ ಎಲ್ಲಿಟ್ಟಿದ್ದಿ?” ಎಂದೆ.

“ಎಲ್ಲಾ ಕೇಳಿಸ್ತರಿ ಅಕ್ಕಾರ. ಕಟ್ಟಿಗೆ ಬಂದು ಹೆಸರು ಬರಸ್ರಿ ಅಂದ್ರಿ. ನನ ಗಂಡ ಕುರಿ ಹೊಡಕೊಂಡು ದೂರ ಹೋಗ್ಯಾನ. ಅತ್ತಿ ಮಗ್ಗಲು ಹೊರಳಾಕೂ ನಾನ ಬೇಕು. ಹೆಂಗ ಬರ್ಲಿ? ಈಗ ಬರಕೊಳ್ರಿ.”

“ಇನ್ನ ಮುಂದಿನ ವರ್ಷನ.”

ಅವಳು ಅತ್ತೆಯ ಹೊದಿಕೆ ಸರಿಮಾಡಿದಳು. “ಮುಂದಿನ ವರ್ಷ ಯಾರ ಹೆಸರು ಬರಸ್ಲಿ?”

ಆ ಊರಿನ ವರದಿಯಲ್ಲಿ ‘ಎಲ್ಲರಿಗೂ ತಿಳಿಸಲಾಗಿದೆ’ ಎಂದು ಬರೆದದ್ದು ನನ್ನದೇ ಕೈ.

ಈಗ ಮೈಕು ಬಿಟ್ಟು ಮನೆಯೊಳಗೇ ಹೋಗುತ್ತೇನೆ. ಫೋಟೊ ಕಳಿಸಿದರೆ ಸಾಹೇಬರು, “ಸಭೆಯಲ್ಲಿ ಜನಾನೇ ಇಲ್ಲವಲ್ಲಮ್ಮ” ಎನ್ನುತ್ತಾರೆ.

“ಮಂಚದ ಮ್ಯಾಲೆ ನೋಡ್ರಿ ಸಾರ್, ಅದಾರ” ಎನ್ನುತ್ತೇನೆ.