ಜರ್ಮನಿ ಎಂಬ ಹಿತ್ತಾಳೆ ಪಟ್ಟಿ

ವಾದ್ಯದ ಅಂಗಡಿಯಲ್ಲಿ ಗಿಟಾರ್ ಕೈಗೆತ್ತಿಕೊಂಡವರು ಒಂದು ತಂತಿಯನ್ನೂ ಮೀಟದೆ, ಮೊದಲು ಅದನ್ನು ತಿರುಗಿಸಿ ಯಾವ ದೇಶದ್ದು ಅಂತ ಹುಡುಕುವುದನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ದೇವರು ಎರಡು ಕಿವಿ ಕೊಟ್ಟಿದ್ದಾನೆ, ಇವರು ಕಣ್ಣಿನಿಂದ ಕೇಳುತ್ತಾರೆ. ಒಂದೆರಡು ಸಲ ಗುರುತಿಲ್ಲದವರ ಜೊತೆ ಜಗಳಕ್ಕೇ ಇಳಿದಿದ್ದೇನೆ. ಈ ಮುದುಕನಿಗೇನಾಯಿತು ಅಂತ ಅವರು ಅಂಗಡಿಯವನ ಮುಖ ನೋಡುತ್ತಾರೆ. ಏನಾಯಿತು ಅಂತ ಬರೆದೇಬಿಡುತ್ತೇನೆ.

ಅರವತ್ತರ ದಶಕದ ಕೊನೆಯ ಮಾತು. ನಾನು ಶಿವಮೊಗ್ಗದ ಒಂದು ಕಚೇರಿಯಲ್ಲಿ ಗುಮಾಸ್ತ, ಸಂಜೆಯಾದರೆ ಆರ್ಕೆಸ್ಟ್ರಾದವನು. ಗಣಪತಿ ಪೆಂಡಾಲು, ಮದುವೆ ಮನೆ, ಸಂಘದ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗಿ ಸಿನಿಮಾ ಹಾಡು ನುಡಿಸುತ್ತಿದ್ದೆವು. ಆರ್ಕೆಸ್ಟ್ರಾ ನಡೆಸುತ್ತಿದ್ದವರು ಗಾಂಧಿ ಬಜಾರಿನ ಒಬ್ಬ ಜವಳಿ ವ್ಯಾಪಾರಿ. ನಾವೆಲ್ಲ ಅವರನ್ನು ಯಜಮಾನರು ಅನ್ನುತ್ತಿದ್ದೆವು. ಅಭ್ಯಾಸ ನಡೆಯುತ್ತಿದ್ದದ್ದು ಅವರ ಅಂಗಡಿಯ ಮಹಡಿಯ ಮೇಲೆ, ಬಟ್ಟೆಯ ಥಾನುಗಳ ನಡುವೆ. ಆ ಮನುಷ್ಯನಿಗೆ ಸಂಗೀತ ಬರುತ್ತಿರಲಿಲ್ಲ, ದೇಶಗಳ ಹೆಸರು ಬರುತ್ತಿತ್ತು. ಯಾರ ಕೈಯಲ್ಲಿ ಗಡಿಯಾರ ಕಂಡರೂ, ಪೆನ್ನು ಕಂಡರೂ ಮೊದಲ ಪ್ರಶ್ನೆ, "ಎಲ್ಲೀದಯ್ಯ ಇದು?" ಕೆಲವು ವರ್ಷದ ಹಿಂದೆ ಇದೇ ಬಾಯಲ್ಲಿ ಜಪಾನ್ ಮಾಲು ಅಂದರೆ ಸಂಜೆಯೊಳಗೆ ಮುರಿಯುವ ಆಟಿಕೆ. ಟ್ರಾನ್ಸಿಸ್ಟರ್ ಬಂದ ಮೇಲೆ ಅದೇ ಜಪಾನಿಗೆ ಕೈ ಮುಗಿಯತೊಡಗಿದರು. ಜಪಾನಿನವರು ಬದಲಾದರೋ ನೀವು ಬದಲಾದಿರೋ ಅಂತ ಕೇಳಿದರೆ ಮುಖ ಕೆಂಪಾಗುತ್ತಿತ್ತು.

ಒಂದು ಸಲ ಬೆಂಗಳೂರಿನಿಂದ ಬಂದ ಆರ್ಕೆಸ್ಟ್ರಾದಲ್ಲಿ ನಾವೆಲ್ಲ ಮೊದಲ ಬಾರಿಗೆ ಬೇಸ್ ಗಿಟಾರ್ ನೋಡಿದೆವು. ನಾಲ್ಕೇ ತಂತಿ, ಉದ್ದನೆಯ ದಂಡಿ. ಅದರ ಸ್ವರ ಕಿವಿಗೆ ಬರುವ ಮೊದಲು ಎದೆಗೆ ಬರುತ್ತಿತ್ತು. ನಮಗೂ ಒಂದು ಬೇಕು ಅಂತ ಯಜಮಾನರು ಹಟ ಹಿಡಿದರು. ಆದರೆ ಹೊರದೇಶದ ವಾದ್ಯ ಆ ಕಾಲದಲ್ಲಿ ನಮ್ಮಂಥವರ ಕೈಗೆ ಸಿಗುವಂತಿರಲಿಲ್ಲ. ಎಲ್ಲರೂ ಪೆಚ್ಚಾಗಿ ಕೂತಿದ್ದಾಗ ನಾನು, "ನಮ್ಮ ಭಾವ ಮಾಡಿಕೊಡ್ತಾರೆ" ಅಂದುಬಿಟ್ಟೆ. ಹಾಗೆ ಮಾಡಿದರೆ ಅದನ್ನು ನುಡಿಸುವ ಜಾಗ ನನ್ನದು ಅಂತಲೂ ಗಿಟ್ಟಿಸಿಕೊಂಡೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಬಡಗಿ. ಅಲ್ಲಿ ಎರಕ ಹೊಯ್ಯುವ ಪ್ರತಿಯೊಂದನ್ನೂ, ಅದು ಚಕ್ರವಾಗಲಿ ಪೈಪಿನ ತುದಿಯಾಗಲಿ, ಮೊದಲು ಮರದಲ್ಲಿ ಮಾಡುತ್ತಾರೆ. ಆ ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಂಡಿಯಲ್ಲಿ ಕಾದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ಊರೂರಿಗೆ ಹೋಗುತ್ತದೆ, ಮರ ಮಾತ್ರ ಮೂಲೆಯ ಅಟ್ಟಕ್ಕೆ ಹೋಗುತ್ತದೆ. ಇಪ್ಪತ್ತು ವರ್ಷ ಭಾವ ಮಾಡಿದ ಯಾವ ವಸ್ತುವನ್ನೂ ಶಾಪಿನ ಹೊರಗಿನವರು ಕಣ್ಣಿಂದ ಕಂಡಿರಲಿಲ್ಲ. ಅವರು ಈ ಗಿಟಾರಿಗೆ ಯಾಕೆ ಅಷ್ಟು ಸುಲಭವಾಗಿ ಒಪ್ಪಿದರು ಅಂತ ಆಗ ನನಗೆ ಹೊಳೆಯಲಿಲ್ಲ. ಅಕ್ಕ ಮಾತ್ರ ಹೇಳಿದಳು, "ಮೊದಲನೇ ಸಲ ಕಣೋ, ಅವರು ಮಾಡಿದ್ದನ್ನೇ ಜನ ನೋಡೋದು. ಅದಕ್ಕೇ ಒಪ್ಪಿದಾರೆ."

ಬೆಂಗಳೂರಿನವರ ಗಿಟಾರ್ ನಮ್ಮ ಕೈಗೆ ಸಿಕ್ಕಿದ್ದು ಒಂದೇ ಒಂದು ಗಂಟೆ, ಅದೂ ಶಿವಮೊಗ್ಗದಲ್ಲಿ. ಯಜಮಾನರ ಅಂಗಡಿಯ ಟೇಪು ಹಿಡಿದು ನಾನೇ ಅಳೆದೆ. ದಂಡಿ ಎಷ್ಟು, ಅದರ ಮೇಲೆ ಬೆರಳೊತ್ತುವ ಒಂದೊಂದು ಮೆಟ್ಟು ಎಷ್ಟೆಷ್ಟು ದೂರ, ತಂತಿ ಹೊರುವ ಕುದುರೆ ಎಲ್ಲಿ ಕೂತಿದೆ, ಎಲ್ಲವನ್ನೂ ಕಾಗದದ ಮೇಲೆ ಚಿತ್ರ ಬರೆದು ಗುರುತು ಹಾಕಿದೆ. ಆ ಕಾಗದ ಹಿಡಿದು ಭಾನುವಾರದ ರೈಲಿನಲ್ಲಿ ಭದ್ರಾವತಿಗೆ ಹೋದೆ. ಭಾವ ಕನ್ನಡಕ ಹಾಕಿಕೊಂಡು ಅದನ್ನು ಜಾತಕ ನೋಡುವವರ ಹಾಗೆ ನೋಡಿದರು. "ಎಲ್ಲ ಇದೆಯಲ್ಲ. ಮೂರು ತಿಂಗಳು ಕೊಡು ಮಾರಾಯ" ಅಂದರು.

ದಿನವೂ ಕೆಲಸ ಮುಗಿಸಿ ಬಂದು ಕ್ವಾರ್ಟರ್ಸಿನ ಹಿತ್ತಿಲಲ್ಲಿ ಕೂರುತ್ತಿದ್ದರು. ಒಡಲಿಗೆ ಹಲಸು, ದಂಡಿಗೆ ಬೀಟೆ, ಮೆಟ್ಟಿಗೆ ಹಿತ್ತಾಳೆ ತಂತಿ. ತಂತಿಯ ನಾದ ಹಿಡಿಯುವ ವಿದ್ಯುತ್ತಿನ ಕಾಯಿಲನ್ನು ರೇಡಿಯೋ ರಿಪೇರಿಯವರಿಂದ ಸುತ್ತಿಸಿದರು. ತಂತಿ ಮತ್ತು ಕುದುರೆ ಮಾತ್ರ ಬೊಂಬಾಯಿಂದ ಬರಬೇಕಿತ್ತು. ಮೂರು ತಿಂಗಳಿಗೆ ಅವರು ಗಿಟಾರ್ ಕೊಟ್ಟಾಗ ಅದನ್ನು ಎತ್ತಿಕೊಳ್ಳಲು ನನಗೆ ಕೈ ತೊಳೆಯಬೇಕು ಅನ್ನಿಸಿತು, ಅಷ್ಟು ನಯ. ಕುದುರೆ ಇನ್ನೂ ಬಂದಿರಲಿಲ್ಲ. "ಬಂದ ಮೇಲೆ ನೀನೇ ಕೂರಿಸ್ಕೋ, ಅಳತೆ ನಿನ್ನ ಕಾಗದದಲ್ಲೇ ಇದೆ" ಅಂದರು. ಬಂದ ಮೇಲೆ ಅದೇ ಅಂಗಡಿಯ ಟೇಪಿನಿಂದ, ದಂಡಿಯ ಮೇಲೆ ತಂತಿ ಶುರುವಾಗುವ ಕಡೆಯಿಂದ ಮೂವತ್ತನಾಲ್ಕು ಇಂಚು ಅಳೆದು ಕೂರಿಸಿದೆ.

ಮೊದಲ ಅಭ್ಯಾಸದ ದಿನ ನನ್ನ ಮಾನ ಹೋಯಿತು. ದಂಡಿಯ ತುದಿಯ ಕಡೆ ಸ್ವರ ಹೆಚ್ಚುಕಮ್ಮಿ ಸರಿ. ಒಡಲಿನ ಕಡೆಗೆ ಬೆರಳು ಬಂದ ಹಾಗೆಲ್ಲ ಶ್ರುತಿ ಏರುತ್ತ ಹೋಗುತ್ತಿತ್ತು. ಹಾರ್ಮೋನಿಯಂನವರು ಕಿವಿ ಮುಚ್ಚಿಕೊಂಡರು. ಯಜಮಾನರು ಎಲೆ ಅಡಿಕೆ ಮೆಲ್ಲುತ್ತ, "ನೋಡಿದೆಯಾ? ಭದ್ರಾವತೀಲಿ ಪೈಪ್ ಮಾಡ್ಬೋದು, ವಾದ್ಯ ಮಾಡೋಕಾಗಲ್ಲ. ನಾಡ ಮಾಲು ಅಂದ್ರೆ ಇಷ್ಟೇ" ಅಂದರು. ಎಲ್ಲರೂ ನಕ್ಕರು. ನನಗೆ ಯಜಮಾನರ ಮೇಲೆ ಬರಬೇಕಾದ ಸಿಟ್ಟು ಭಾವನ ಮೇಲೆ ಬಂತು. ಮಾರನೆಯ ದಿನವೇ ರಜೆ ಹಾಕಿ, ಗಿಟಾರ್ ಎತ್ತಿಕೊಂಡು ಭದ್ರಾವತಿಗೆ ಹೋದೆ.

ಅವರು ಶಾಪಿನಿಂದ ಬಂದು ಕೈಕಾಲು ತೊಳೆಯುವುದಕ್ಕೂ ಬಿಡದೆ ಕೂಗಾಡಿದೆ. ಗೊತ್ತಿಲ್ಲದ ಕೆಲಸಕ್ಕೆ ಯಾಕೆ ಕೈ ಹಾಕಿದಿರಿ, ಊರ ಮುಂದೆ ನನ್ನ ಮರ್ಯಾದೆ ತೆಗೆದಿರಿ ಅಂತೆಲ್ಲ ಅಂದೆ. ತಂಗಿ ಗಂಡನಾಗಿದ್ದರೂ ಆಡಬಾರದ ಮಾತು, ಅಕ್ಕನ ಗಂಡನಿಗೆ ಆಡಿದೆ. ಅಕ್ಕ ಅಡುಗೆ ಮನೆ ಬಾಗಿಲಲ್ಲಿ ನಿಂತು, "ಬಾಯಿ ಮುಚ್ಚೋ" ಅಂದಳು. ಭಾವ ಉಕ್ಕಿನ ಸ್ಕೇಲು ತಂದರು. ಮೆಟ್ಟುಗಳನ್ನು ಒಂದೊಂದಾಗಿ ಅಳೆದರು. ಆಮೇಲೆ ಕುದುರೆಯವರೆಗೆ ಅಳೆದು, "ಇದನ್ನ ಯಾವುದರಲ್ಲಿ ಅಳೆದೆ?" ಅಂತ ಕೇಳಿದರು. ನಾನು ಜೇಬಿನಿಂದ ಟೇಪು ತೆಗೆದು ಎಸೆದೆ. ಅವರು ಅದನ್ನು ಬಿಡಿಸಿ ತಮ್ಮ ಉಕ್ಕಿನ ಸ್ಕೇಲಿನ ಪಕ್ಕ ಇಟ್ಟರು. ಹನ್ನೆರಡು ಇಂಚಿಗೆ ಎರಡೂ ಒಂದೇ ಕಡೆ ನಿಲ್ಲಲಿಲ್ಲ. ಅವರ ಇಂಚುಗಳು ನನ್ನ ಇಂಚುಗಳಿಗಿಂತ ದೊಡ್ಡವು.

ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಹಾಗಾಗಿ ಪ್ಯಾಟರ್ನ್ ಮಾಡುವವರ ಸ್ಕೇಲಿನಲ್ಲಿ ಆ ಕುಗ್ಗುವಷ್ಟನ್ನು ಮೊದಲೇ ಸೇರಿಸಿ ಗೆರೆ ಕೊರೆದಿರುತ್ತಾರೆ. ಡ್ರಾಯಿಂಗಿನಲ್ಲಿ ಹನ್ನೆರಡು ಅಂತಿದ್ದರೆ ಅವರು ಆ ಸ್ಕೇಲಿನ ಹನ್ನೆರಡು ಹಿಡಿಯುತ್ತಾರೆ, ಯೋಚನೆ ಮಾಡುವುದಿಲ್ಲ. ಇಪ್ಪತ್ತು ವರ್ಷದಿಂದ ಭಾವನ ಕೈಗೆ ಇಂಚು ಅಂದರೆ ಅದೇ. ನನ್ನ ಕಾಗದವೂ ಅವರ ಕಣ್ಣಿಗೆ ಒಂದು ಡ್ರಾಯಿಂಗ್. ಮರದ ಗಿಟಾರ್ ಯಾವತ್ತೂ ಕುಗ್ಗುವ ಕಬ್ಬಿಣವಾಗುವುದಿಲ್ಲ ಅನ್ನುವುದನ್ನು ಅವರ ಕೈ ಮರೆತಿತ್ತು. ಎಲ್ಲವನ್ನೂ ಅವರೇ ಮಾಡಿದ್ದರೆ ತೊಂದರೆಯೇ ಇರಲಿಲ್ಲ, ಇಡೀ ವಾದ್ಯ ಒಂದೇ ಅಳತೆಯಲ್ಲಿ ತುಸು ದೊಡ್ಡದಾಗುತ್ತಿತ್ತು ಅಷ್ಟೇ. ಮೆಟ್ಟು ಅವರ ಇಂಚಿನಲ್ಲಿ, ಕುದುರೆ ನನ್ನ ಇಂಚಿನಲ್ಲಿ ಕೂತು ಶ್ರುತಿ ಕೆಟ್ಟಿತ್ತು.

"ತಪ್ಪು ನಂದೇ" ಅಂದರು ಭಾವ. ಸ್ಕ್ರೂ ಬಿಚ್ಚಿ ಕುದುರೆಯನ್ನು ಕಾಲಿಂಚಿಗಿಂತ ಸ್ವಲ್ಪ ಜಾಸ್ತಿ ಹಿಂದಕ್ಕೆ ಸರಿಸಿ ಕೂರಿಸಿದರು. ಮನೆಯ ರೇಡಿಯೋಗೆ ವೈರು ಜೋಡಿಸಿ ನುಡಿಸಿದೆ. ಅಕ್ಕನ ಮನೆಯ ಸ್ಟೀಲ್ ಲೋಟಗಳು ಗೂಡಿನಲ್ಲಿ ನಡುಗಿದವು. ಒಂದು ಸ್ವರವೂ ಅತ್ತಿತ್ತ ಇರಲಿಲ್ಲ. ನಾನು ಕ್ಷಮೆ ಕೇಳಲಿಲ್ಲ, ನಗುತ್ತ ಊಟಕ್ಕೆ ಕೂತೆ.

ಯಜಮಾನರು ಎರಡನೇ ಸಲ ಕೇಳಿದರು. ಸರಿಯಾಗಿದೆ ಅಂತ ಒಪ್ಪಿದರು, ಹಾಳು ಮನುಷ್ಯ, ಒಪ್ಪಿದರು. ಒಪ್ಪಿದ ಮೇಲೆ, "ಆದ್ರೂ ಇದು ಭದ್ರಾವತೀದು ಅಂದ್ರೆ ಯಾರಯ್ಯ ಕರೀತಾರೆ ನಮ್ಮನ್ನ? ಜರ್ಮನಿ ಅಂತ ಒಂದು ಪಟ್ಟಿ ಹಾಕಿಸು" ಅಂದರು. ಬೆಂಗಳೂರಿನವರದ್ದು ಜಪಾನಿನದಲ್ಲವೇ ಅಂದೆ. "ಜಪಾನನ್ನ ಎಲ್ರೂ ನಂಬಲ್ಲ. ಕಾರ್ಖಾನೇಲಿ ಜರ್ಮನ್ ಮೆಷೀನು ನೋಡಿರೋ ಭದ್ರಾವತಿಯವರಿಗೆ ಜರ್ಮನಿ ಅಂದ್ರೆ ಭಕ್ತಿ" ಅಂದರು. ನಾನು ಗಿಟಾರ್ ಎತ್ತಿಕೊಂಡು ಮೆಟ್ಟಿಲಿಳಿದು ಬರಬೇಕಿತ್ತು. ಬರಲಿಲ್ಲ. ವೇದಿಕೆಯ ಮೇಲೆ ಆ ಗಿಟಾರ್ ತೂಗುಹಾಕಿಕೊಂಡು ನಿಲ್ಲುವ ಆಸೆ ನನ್ನ ಕಾಲು ಕಟ್ಟಿತ್ತು. ಅಷ್ಟೇ ಅಲ್ಲ, ಆ ಪಟ್ಟಿಯನ್ನು ಮಾಡಿಸಲು ಹೋದದ್ದೂ ಭಾವನ ಹತ್ತಿರವೇ. ಬೇರೆ ಯಾರ ಹತ್ತಿರ ಹೋಗಬೇಕು ಅಂತ ನನಗೆ ತೋಚಲಿಲ್ಲ, ಅಂಥ ದಡ್ಡತನ.

ಭಾವ ದಂಡಿಯ ತುದಿಯ ಹಣೆಯ ಅಗಲ ಅಳೆದುಕೊಂಡರು. ಆಮೇಲೆ ಕೇಳಿದ್ದು ಒಂದೇ. "ಭದ್ರಾವತೀಲಿ ನುಡಿಸೋ ದಿನ ಅದನ್ನ ಬಿಚ್ಚಿಡ್ತೀಯಾ? ನಮ್ಮ ಶಾಪಿನವರೆಲ್ಲ ಬರ್ತಾರೆ. ಇಲ್ಲೇ ಮಾಡಿದ್ದು ಅಂತ ಮೈಕಿನಲ್ಲಿ ಒಂದು ಮಾತು ಹೇಳಿಸು, ಸಾಕು."

"ಬಿಚ್ತೀನಿ ಭಾವ, ಹೇಳಿಸ್ತೀನಿ" ಅಂದೆ.

ಅವರು ಪಟ್ಟಿಗೆ ಮರದ ಮಾದರಿ ಕೊರೆದರು. ಹಿತ್ತಾಳೆ ಕಬ್ಬಿಣಕ್ಕಿಂತ ಜಾಸ್ತಿ ಕುಗ್ಗುತ್ತದೆಯಂತೆ, ಅದಕ್ಕೆ ಬೇರೆಯೇ ಸ್ಕೇಲು. ಊರಿನ ಪಾತ್ರೆ ಎರಕದವರ ಹತ್ತಿರ ಹೊಯ್ಯಿಸಿ, ಉಜ್ಜಿ, ಹೊಳಪು ಕೊಟ್ಟು ತಂದರು. ಇಂಗ್ಲಿಷ್ ಅಕ್ಷರಗಳು ಅಚ್ಚು ಒತ್ತಿದ ಹಾಗಿದ್ದವು. ಗಿಟಾರಿನ ಹಣೆಯಲ್ಲಿ ತೋಡಿದ ಜಾಗದಲ್ಲಿ ಅದು ಕೂದಲೆಳೆ ಸಂದಿಲ್ಲದೆ ಕೂತಿತು. ಇಡೀ ವಾದ್ಯದಲ್ಲಿ ಮೊದಲನೇ ಸಲಕ್ಕೇ ಅಳತೆ ಸರಿಹೋದದ್ದು ಆ ಸುಳ್ಳೊಂದೇ. ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಸ್ಕ್ರೂ, ಅದಕ್ಕೆ ತಕ್ಕ ಸಣ್ಣ ಸ್ಕ್ರೂಡ್ರೈವರನ್ನೂ ಭಾವ ನನ್ನ ಅಂಗಿಯ ಜೇಬಿಗೆ ಹಾಕಿದರು.

ಆ ವರ್ಷ ಶಿವಮೊಗ್ಗದಲ್ಲಿ, ಸಾಗರದಲ್ಲಿ, ತೀರ್ಥಹಳ್ಳಿಯಲ್ಲಿ ಎಲ್ಲೆಲ್ಲೂ ಜರ್ಮನಿಯ ಗಿಟಾರು ಹೆಸರು ಮಾಡಿತು. ಆಮೇಲೆ ಭದ್ರಾವತಿಯ ಗಣಪತಿ ಪೆಂಡಾಲು. ಸಂಜೆ ಆರಕ್ಕೆ ಕಾರ್ಯಕ್ರಮ. ಪರದೆಯ ಹಿಂದೆ ನಾನು ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡೆ. ಯಜಮಾನರು ಬಂದು ನೋಡಿದರು. "ಬಿಚ್ಚು, ಬೇಡ ಅನ್ನಲ್ಲ. ನಾಳೆಯಿಂದ ಬೇರೆಯವನು ನುಡಿಸ್ತಾನೆ" ಅಂದರು, ಮೆಲ್ಲಗೆ, ಬಟ್ಟೆಯ ದರ ಹೇಳುವ ಹಾಗೆ. ನಾನು ಸ್ಕ್ರೂಡ್ರೈವರನ್ನು ಜೇಬಿಗೆ ವಾಪಸು ಹಾಕಿದೆ. ಅವರು ಹೋಗಿ ಮೈಕು ಹಿಡಿದು, ಜಿಲ್ಲೆಯಲ್ಲೇ ಮೊದಲ ಬಾರಿಗೆ ಜರ್ಮನಿಯಿಂದ ತರಿಸಿದ ಬೇಸ್ ಗಿಟಾರ್ ಅಂತ ಕೂಗಿದರು.

ಭಾವ ಎರಡನೇ ಸಾಲಿನಲ್ಲಿದ್ದರು. ಇಸ್ತ್ರಿ ಮಾಡಿದ ಅಂಗಿ, ಪಕ್ಕದಲ್ಲಿ ಅಕ್ಕ, ಸುತ್ತ ಶಾಪಿನವರು. ಮೈಕು ನನ್ನಿಂದ ಎರಡು ಮಾರು ದೂರದಲ್ಲಿತ್ತು. ಹಾಡಿನ ಮಧ್ಯೆ ಮಧ್ಯೆ ಎಷ್ಟು ಸಲ ಅದರ ಕಡೆ ನೋಡಿದೆನೋ. ಎರಡೂವರೆ ಗಂಟೆ ನುಡಿಸಿದೆ, ಒಂದು ಸ್ವರವೂ ತಪ್ಪಲಿಲ್ಲ. ಜನ ಚಪ್ಪಾಳೆ ಹೊಡೆದಾಗ ಭಾವನೂ ಹೊಡೆದರು.

ಕಾರ್ಯಕ್ರಮ ಮುಗಿದ ಮೇಲೆ ಶಾಪಿನವರೆಲ್ಲ ವೇದಿಕೆಯ ಹತ್ತಿರ ಬಂದರು. ಅವರ ಹಿಂದೆ ಭಾವ. ತಾವೇ ಮಾಡಿದ್ದು ಅಂತ ಭಾವ ಮೊದಲೇ ಯಾರಿಗೂ ಹೇಳಿರಲಿಲ್ಲ. ಮೈಕಿನಲ್ಲಿ ಬರಲಿ, ಆಗ ಗೊತ್ತಾಗಲಿ ಅಂತ ಕಾಯ್ದಿದ್ದರು ಅಂತ ಕಾಣುತ್ತದೆ. ಅವರ ಪಕ್ಕದ ಬೆಂಚಿನಲ್ಲೇ ಕೆಲಸ ಮಾಡುವ ತಮಿಳಿನವರೊಬ್ಬರು ಗಿಟಾರಿನ ದಂಡಿಯ ಜೋಡಣೆಯನ್ನು ಬಗ್ಗಿ ನೋಡಿ, "ಎಂಥ ಕೆಲ್ಸ ನೋಡಿ. ಇಂಥದ್ದು ನಮ್ಮೋರ ಕೈಲಿ ಆಗಲ್ಲ. ಜರ್ಮನಿದೇ ಅಲ್ವಾ ಸಾರ್?" ಅಂತ ನನ್ನನ್ನು ಕೇಳಿದರು.

ಯಜಮಾನರು ನನ್ನ ಹಿಂದೆಯೇ ಇದ್ದರು. ಭಾವ ನನ್ನ ಎದುರಿಗಿದ್ದರು. ನಾನು "ಹೌದು" ಅಂದೆ.

ಆ ಮನುಷ್ಯ ಮೆಟ್ಟಿನ ಮೇಲೆ ಬೆರಳಾಡಿಸಲು ಕೈ ಚಾಚಿದರು. ಭಾವ ಅವರ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದರು.

"ಮುಟ್ಟಬೇಡ ಮಾರಾಯ" ಅಂದರು. "ಫಾರಿನ್ ಮಾಲು."

ಆಮೇಲೆ ನನ್ನ ಮುಖ ನೋಡದೆ ಅಕ್ಕನನ್ನು ಕರೆದುಕೊಂಡು ಮನೆಗೆ ಹೋದರು.